ದ ವುಮನ್ ಇನ್ ವೈಟ್

ಇಂಗ್ಲಿಷ್ ಲೇಖಕ ವಿಲ್ಕಿ ಕಾಲಿನ್ಸ್ (1824–1889) ಬರೆದ ರಹಸ್ಯ ಕಾದಂಬರಿ. ಚಾರ್ಲ್ಸ್ ಡಿಕನ್ಸ್ ಸಂಪಾದಿಸುತ್ತಿದ್ದ ‘ಆಲ್ ದ ಇಯರ್ ರೌಂಡ್’ ವಾರಪತ್ರಿಕೆಯಲ್ಲಿ 1859ರ ನವೆಂಬರ್‌ನಿಂದ 1860ರ ಆಗಸ್ಟ್‌ವರೆಗೆ ಧಾರಾವಾಹಿಯಾಗಿ ಬಂದು, ಆ ವರ್ಷವೇ ಮೂರು ಸಂಪುಟಗಳ ಪುಸ್ತಕವಾಯಿತು. ಹಳೆಯ ಗಾಥಿಕ್ ಕತೆಗಳ ಭಯ ಪಾಳುಕೋಟೆಗಳಲ್ಲಿ, ನೆಲಮಾಳಿಗೆಗಳಲ್ಲಿ ಇರುತ್ತಿತ್ತು. ಕಾಲಿನ್ಸ್ ಅದನ್ನು ದಸ್ತಾವೇಜುಗಳ ಕಪಾಟಿಗೆ ತಂದಿಟ್ಟ.

ಚಿತ್ರಕಲಾ ಶಿಕ್ಷಕ ವಾಲ್ಟರ್ ಹಾರ್ಟ್‌ರೈಟ್‌ಗೆ ಲಂಡನ್ನಿನ ಹೊರವಲಯದ ರಸ್ತೆಯಲ್ಲಿ ನಡುರಾತ್ರಿ ಬಿಳಿಯುಡುಪಿನ ಹೆಂಗಸೊಬ್ಬಳು ಎದುರಾಗುತ್ತಾಳೆ. ಅವಳು ಹುಚ್ಚಾಸ್ಪತ್ರೆಯಿಂದ ತಪ್ಪಿಸಿಕೊಂಡು ಬಂದ ಆ್ಯನ್ ಕ್ಯಾಥರಿಕ್. ಮುಂದೆ ವಾಲ್ಟರ್ ಪಾಠ ಹೇಳಲು ಹೋದ ಮನೆಯ ಲಾರಾ ಫೇರ್ಲಿಗೂ ಅವಳಿಗೂ ಅಚ್ಚರಿಯ ಹೋಲಿಕೆ. ಲಾರಾಳನ್ನು ಮದುವೆಯಾಗುವ ಸರ್ ಪರ್ಸಿವಲ್ ಗ್ಲೈಡ್‌ಗೆ ಬೇಕಿದ್ದದ್ದು ಅವಳ ಹಣ. ಕೌಂಟ್ ಫೋಸ್ಕೊ ಎಂಬ ಇಟಲಿಯವನ ಕುಯುಕ್ತಿಯಿಂದ, ಕಾಯಿಲೆಯಿಂದ ಸತ್ತ ಆ್ಯನ್‌ಳನ್ನು ಲಾರಾಳ ಹೆಸರಿನಲ್ಲಿ ಹೂಳಲಾಗುತ್ತದೆ. ಬದುಕಿರುವ ಲಾರಾ, ಆ್ಯನ್ ಎಂಬ ಹೆಸರಿನಲ್ಲಿ ಹುಚ್ಚಾಸ್ಪತ್ರೆ ಸೇರುತ್ತಾಳೆ.

ಪರ್ಸಿವಲ್‌ನ ಗುಟ್ಟಿನ ಶೋಧವೇ ಕಾದಂಬರಿಯ ಅತ್ಯುತ್ತಮ ಭಾಗ. ಚರ್ಚಿನ ಮದುವೆ ದಾಖಲೆ ಪುಸ್ತಕದಲ್ಲಿ ಅವನ ತಂದೆತಾಯಿಯ ಮದುವೆ ನಮೂದಾಗಿದೆ, ಆದರೆ ಪುಟದ ತಳದ ಇಕ್ಕಟ್ಟಿನ ಜಾಗದಲ್ಲಿ. ಪಕ್ಕದೂರಿನ ವಕೀಲರ ಬಳಿಯಿದ್ದ ಅದೇ ಪುಸ್ತಕದ ನಕಲಿನಲ್ಲಿ ಆ ಜಾಗ ಖಾಲಿ! ಅಂದರೆ ಆ ನಮೂದು ಖೋಟಾ. ಮದುವೆಯೇ ಆಗದ ತಂದೆತಾಯಿಯ ಮಗನಿಗೆ ಅಂದಿನ ಕಾನೂನಿನಲ್ಲಿ ಪದವಿಯೂ ಇಲ್ಲ, ಪಿತ್ರಾರ್ಜಿತವೂ ಇಲ್ಲ. ಸಾಕ್ಷ್ಯ ನಾಶಮಾಡಲು ಹೋದ ಪರ್ಸಿವಲ್ ಚರ್ಚಿನ ಕೋಣೆಯಲ್ಲೇ ಬೆಂದುಹೋಗುತ್ತಾನೆ. ತನ್ನ ಗುಟ್ಟು ಆ್ಯನ್‌ಗೆ ಗೊತ್ತಿದೆ ಎಂಬ ಭಯದಿಂದಲೇ ಅವನು ಅವಳನ್ನು ಬಂಧನದಲ್ಲಿಟ್ಟಿದ್ದ. ಪಾಪ, ಅವಳಿಗೆ ಗೊತ್ತಿದ್ದದ್ದು ಗುಟ್ಟೊಂದು ಇದೆ ಎಂಬುದಷ್ಟೇ.

ಫೇರ್ಲಿ ಮನೆತನದ್ದೂ ಒಂದು ಗುಟ್ಟಿದೆ: ಆ್ಯನ್, ಲಾರಾಳ ತಂದೆಯ ವಿವಾಹಬಾಹಿರ ಮಗಳು.

ಕಾಲಿನ್ಸ್ ಕಾನೂನು ಓದಿದವನು. 1851ರಲ್ಲಿ ಬ್ಯಾರಿಸ್ಟರ್ ಆದರೂ ವಕೀಲಿ ನಡೆಸಲಿಲ್ಲ. ಆ ಓದು ನಿರೂಪಣೆಗೆ ಒದಗಿತು: ಕೋರ್ಟಿನ ಸಾಕ್ಷಿಗಳಂತೆ ಒಬ್ಬೊಬ್ಬರೂ ತಾವು ಕಂಡಷ್ಟನ್ನೇ ಹೇಳುತ್ತಾರೆ. ಲಾರಾಳ ಮಲಅಕ್ಕ ಮರಿಯನ್‌ಳ ದಿನಚರಿ ಇವುಗಳಲ್ಲಿ ಅತ್ಯಂತ ಜೀವಂತ. ಅವಳ ಮುಂದೆ ಲಾರಾ ತೀರ ಸಪ್ಪೆ. ಕಥಾಬೀಜ ಸಿಕ್ಕಿದ್ದು ಪ್ಯಾರಿಸ್‌ನಲ್ಲಿ ಕೊಂಡ ಫ್ರೆಂಚ್ ಮೊಕದ್ದಮೆಗಳ ಹಳೆಯ ಸಂಗ್ರಹದಲ್ಲಿ.

ಜನಪ್ರಿಯತೆ ಎಷ್ಟಿತ್ತೆಂದರೆ ಇದೇ ಹೆಸರಿನ ಟೊಪ್ಪಿಗೆ, ಸುಗಂಧದ್ರವ್ಯಗಳು ಅಂಗಡಿಗೆ ಬಂದವು. ಇಷ್ಟು ಜನಪ್ರಿಯ ಕಾದಂಬರಿಯಲ್ಲೂ ಒಂದು ಎಡವಟ್ಟು ಉಳಿದಿತ್ತು. ಕತೆಯಲ್ಲಿ ಲಾರಾ ಲಂಡನ್ನಿಗೆ ಹೊರಟ ದಿನವೂ ಅವಳ ‘ಮರಣ’ದ ದಿನವೂ ಹೊಂದದಿರುವುದೇ ಸಂಚನ್ನು ಬಯಲು ಮಾಡುವ ಪುರಾವೆ. ಆದರೆ ಕಾಲಿನ್ಸ್ ಲೆಕ್ಕ ಹಾಕಿದ ತಾರೀಕುಗಳೇ ತಪ್ಪೆಂದು ‘ದ ಟೈಮ್ಸ್’ ಪತ್ರಿಕೆಯ ವಿಮರ್ಶಕ ತೋರಿಸಿಕೊಟ್ಟ. ಮುಂದಿನ ಆವೃತ್ತಿಯಲ್ಲಿ ಅವನ್ನು ತಿದ್ದಬೇಕಾಯಿತು.