ಅಯಾನು

ಶಾಲೆಯ ರಸಾಯನಶಾಸ್ತ್ರದಲ್ಲಿ ಪರಿಚಯವಾಗುವ ‘ಅಯಾನು’ ಗ್ರೀಕ್ ಮೂಲದ ಪದ; ‘ಹೋಗುವಂಥದ್ದು’ ಎಂದರ್ಥ. ದ್ರಾವಣದಲ್ಲಿ ವಿದ್ಯುದ್ವಾರಗಳತ್ತ ಸಾಗುವ ಕಣಗಳಿಗೆ ಮೈಕೆಲ್ ಫ್ಯಾರಡೆ 1834ರಲ್ಲಿ ಈ ಹೆಸರಿಟ್ಟರು. ಸೂಚಿಸಿದವರು ವಿದ್ವಾಂಸ ವಿಲಿಯಂ ಹ್ಯೂವೆಲ್. ನಮ್ಮ ‘ಉತ್ತರಾಯಣ’ದೊಳಗಿನ ‘ಅಯನ’ವೂ ಇದೇ ಇಂಡೋ-ಯುರೋಪಿಯನ್ ಧಾತುವಿನ ಕುಡಿ. ಈ ನಂಟು ನನಗಂತೂ ಬಲು ಇಷ್ಟ.

ನರವಿಜ್ಞಾನದಲ್ಲಿ ‘ಅಯಾನು ಕಾಲುವೆ’ ಎಂದರೆ ಜೀವಕೋಶದ ಪೊರೆಯಲ್ಲಿ ತೆರೆದು ಮುಚ್ಚುವ ಪ್ರೋಟೀನ್ ದಾರಿ. ಒಂದೇ ಒಂದು ಕಾಲುವೆಯ ವಿದ್ಯುತ್ತನ್ನು ಗಾಜಿನ ಸೂಕ್ಷ್ಮ ನಳಿಕೆಯಿಂದ ಅಳೆದು 1976ರಲ್ಲಿ ತೋರಿಸಿದ ಎರ್ವಿನ್ ನೇಹರ್ ಮತ್ತು ಬರ್ಟ್ ಸಾಕ್ಮನ್‌ಗೆ 1991ರ ನೊಬೆಲ್ ಬಂತು. ನರದ ಬೆಳವಣಿಗೆಯಲ್ಲೂ ಈ ಕಾಲುವೆಗಳಿಗೆ ಪಾತ್ರವಿದೆ: ಬೆಳೆಯುತ್ತಿರುವ ನರತಂತುವಿನ ತುದಿ ಬೆರಳುಗಳಂತೆ ಚಾಚಿಕೊಂಡು ದಾರಿ ತಡಕುತ್ತದೆ. ಅದರ ಒಂದು ಬದಿಗೆ ಕಾಲುವೆಗಳ ಮೂಲಕ ಕ್ಯಾಲ್ಸಿಯಂ ಅಯಾನುಗಳು ಹೆಚ್ಚು ನುಗ್ಗಿದರೆ ತಂತು ಅತ್ತಲೇ ತಿರುಗಬಹುದು. ತೀರಾ ಅತಿಯಾದರೆ ಬೆಳವಣಿಗೆಯೇ ನಿಲ್ಲಬಹುದು.