ಸೂಕ್ಷ್ಮಗುರುತ್ವದಲ್ಲಿ ಮಣಿಸ್ತಂಭದ ಮೂಲಕ ಅನಿಲ–ದ್ರವ ಹರಿವು: ಲೋಮನಾಳ ಬಲದ ಪಾತ್ರ

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ 2008ರಲ್ಲಿ ಒಯ್ದ ನೀರು ಶುದ್ಧೀಕರಣ ವ್ಯವಸ್ಥೆಯಲ್ಲಿ ವೇಗವರ್ಧಕ ತುಂಬಿದ ರಿಯಾಕ್ಟರ್ ಒಂದಿದೆ. ಶೋಧಕಗಳಿಂದ ತಪ್ಪಿಸಿಕೊಂಡ ಸಾವಯವ ಕಲ್ಮಶಗಳು ಅದರೊಳಗೆ, ಬಿಸಿ ನೀರಿಗೆ ಬೆರೆಸಿದ ಆಮ್ಲಜನಕದೊಡನೆ ವರ್ತಿಸಿ ಉತ್ಕರ್ಷಣೆಗೊಳ್ಳುತ್ತವೆ. ಇಂಥ ಸ್ತಂಭದ ವಿನ್ಯಾಸಕ್ಕೆ ಒತ್ತಡ ಎಷ್ಟು ಇಳಿಯುತ್ತದೆ ಎಂಬುದು ಮೊದಲೇ ತಿಳಿದಿರಬೇಕು. ಆದರೆ ಅದನ್ನು ಲೆಕ್ಕ ಹಾಕುವ ಸೂತ್ರಗಳು ಭೂಮಿಯ ಮೇಲಿನ ಅಳತೆಗಳಿಂದ ಹುಟ್ಟಿದವು.

ಒಂದೇ ದ್ರವ ಹರಿಯುವಾಗ ಇದರಿಂದ ತೊಂದರೆಯಿಲ್ಲ. ಡಾರ್ಸಿ 1856ರಲ್ಲಿ ಮಂಡಿಸಿದ ನಿಯಮವನ್ನು ಎರ್ಗುನ್ 1952ರಲ್ಲಿ ವಿಸ್ತರಿಸಿದ ಸಮೀಕರಣದಲ್ಲಿ ಎರಡೇ ಪದಗಳಿವೆ: ಒಂದು ಸ್ನಿಗ್ಧತೆಯದು, ಇನ್ನೊಂದು ಜಡತ್ವದ್ದು. ಘರ್ಷಣೆಯಿಂದಾಗುವ ಆ ನಷ್ಟ ಗುರುತ್ವವಿದ್ದರೂ ಇಲ್ಲದಿದ್ದರೂ ಅಷ್ಟೇ. ಅದೇ ಸ್ತಂಭಕ್ಕೆ ಅನಿಲವೂ ನುಗ್ಗಿದೊಡನೆ ಚಿತ್ರ ಬದಲಾಗುತ್ತದೆ. ಎರಡರ ಸಾಂದ್ರತೆ ಬೇರೆಯಾದ್ದರಿಂದ ಭೂಮಿಯಲ್ಲಿ ಗುರುತ್ವ ಅವನ್ನು ಬೇರ್ಪಡಿಸುತ್ತಿರುತ್ತದೆ, ಮೇಲ್ಮೈ ಎಳೆತ ಹಿಡಿದಿಡುತ್ತಿರುತ್ತದೆ.

ಈ ಎರಡು ಬಲಗಳ ಅನುಪಾತವೇ ಬಾಂಡ್ ಸಂಖ್ಯೆ. 3 ಮಿ.ಮೀ. ವ್ಯಾಸದ ಮಣಿಗಳ ನಡುವೆ ನೀರು ಹರಿಯುವಾಗ ಭೂಮಿಯಲ್ಲಿ ಅದು ಸುಮಾರು 1.2, ಅಂದರೆ ಬಲಗಳು ಸರಿಸಮ. ಗುರುತ್ವ ಹತ್ತು ಲಕ್ಷದಲ್ಲೊಂದು ಪಾಲಿಗೆ ಇಳಿದರೆ ಈ ಸಂಖ್ಯೆಯೂ ಅದೇ ಪ್ರಮಾಣದಲ್ಲಿ ಕುಸಿಯುತ್ತದೆ. ಮಣಿಯಿಂದ ಮಣಿಗೆ ತೊಟ್ಟಿಕ್ಕುತ್ತಾ ಇಳಿಯುವ ಹರಿವಿಗೆ ಅಲ್ಲಿ ಎಡೆಯೇ ಇಲ್ಲ. ಉಳಿಯುವುದು ಗುಳ್ಳೆ ಹರಿವು ಮತ್ತು ಮಿಡಿತದ ಹರಿವು.

ನಾಸಾದ ಕೆಸಿ-135 ವಿಮಾನದಲ್ಲಿ ನಡೆಸಿದ ಪ್ರಯೋಗಗಳ ಆಧಾರದ ಮೇಲೆ ಮೊಟಿಲ್, ಬಾಲಕೋಟಯ್ಯ ಮತ್ತು ಕಮೊಟಾನಿ 2003ರಲ್ಲಿ ಎರ್ಗುನ್ ಸಮೀಕರಣಕ್ಕೆ, ಮೇಲ್ಮೈ ಎಳೆತದಿಂದ ಹುಟ್ಟುವ ಲೋಮನಾಳ ಬಲದ ಮೂರನೆಯ ಪದವನ್ನು ಸೇರಿಸಿದರು. ನನ್ನ ಎಣಿಕೆಯಲ್ಲಿ ಈ ಕ್ಷೇತ್ರದ ನಿರ್ಣಾಯಕ ಹೆಜ್ಜೆ ಅದು. ಆದರೆ ವಿಮಾನದ ಒಂದೊಂದು ಏರಿಳಿತದಲ್ಲಿ ದೊರೆಯುವ ಭಾರರಹಿತ ಸ್ಥಿತಿ ಸುಮಾರು 20 ಸೆಕೆಂಡು ಮಾತ್ರ. 60 ಸೆಂ.ಮೀ. ಉದ್ದದ, 40% ಖಾಲಿ ಜಾಗವಿರುವ ಸ್ತಂಭವೊಂದನ್ನು ಊಹಿಸಿಕೊಳ್ಳೋಣ. ಅಡ್ಡಕೊಯ್ತಕ್ಕೆ ಹಂಚಿದ ಸರಾಸರಿ ವೇಗ ಸೆಕೆಂಡಿಗೆ 1 ಮಿ.ಮೀ. ಇದ್ದರೆ, ಸ್ತಂಭ ತುಂಬಿದ ನೀರು ಒಮ್ಮೆ ಬದಲಾಗಲು 240 ಸೆಕೆಂಡು ಬೇಕು. ಲೋಮನಾಳ ಬಲ ಮೇಲುಗೈ ಪಡೆಯುವುದು ಇಂಥ ನಿಧಾನ ಹರಿವಿನಲ್ಲೇ. ಅದು ಸ್ಥಿರಗೊಳ್ಳುವ ಮೊದಲೇ ವಿಮಾನದ ಕಾಲಾವಕಾಶ ಮುಗಿದಿರುತ್ತದೆ.

ಈ ಕೊರತೆಯನ್ನು ನೀಗಿಸಿದ್ದು ನಿಲ್ದಾಣದಲ್ಲೇ ನಡೆದ ಮಣಿಸ್ತಂಭ ಪ್ರಯೋಗ. ಸಾರಜನಕ ಮತ್ತು ನೀರನ್ನು ಒಮ್ಮೆ 3 ಮಿ.ಮೀ. ಗಾಜಿನ ಮಣಿಗಳ ಮೂಲಕ, ಇನ್ನೊಮ್ಮೆ ಅದೇ ಗಾತ್ರದ ಟೆಫ್ಲಾನ್ ಮಣಿಗಳ ಮೂಲಕ ಹಾಯಿಸಲಾಯಿತು. ಗಾಜನ್ನು ನೀರು ಒದ್ದೆ ಮಾಡುತ್ತದೆ, ಟೆಫ್ಲಾನನ್ನು ಮಾಡದು. ನಿಧಾನ ಹರಿವಿನಲ್ಲಿ ಗಾಜಿನ ಸ್ತಂಭದ ಒತ್ತಡದ ಇಳಿತಕ್ಕೆ ಲೋಮನಾಳ ಬಲವೂ, ಟೆಫ್ಲಾನ್ ಸ್ತಂಭದಲ್ಲಿ ಸ್ನಿಗ್ಧತೆಯೂ ಮುಖ್ಯ ಕಾರಣವಾದವು. ಹರಿವಿನ ವೇಗ ಹೆಚ್ಚಿದಾಗ ಈ ಭೇದ ಬಹುಮಟ್ಟಿಗೆ ಅಳಿಯಿತು. ಗುಳ್ಳೆಯಿಂದ ಮಿಡಿತಕ್ಕೆ ಹೊರಳುವ ಘಟ್ಟವಂತೂ ಮಣಿಯ ಮೇಲ್ಮೈ ಗುಣವನ್ನು ಲೆಕ್ಕಿಸಲೇ ಇಲ್ಲ.

ಇನ್ನೊಂದು ಫಲಿತಾಂಶಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲವೆಂದು ನನಗನ್ನಿಸುತ್ತದೆ. ಭೂಮಿಯಲ್ಲಿ ಸ್ತಂಭವನ್ನು ಮೊದಲು ನೀರಿನಿಂದ ತುಂಬಿಸಿದೆವೋ ಒಣಗಿದ್ದಾಗಲೇ ಶುರುಮಾಡಿದೆವೋ ಎಂಬುದರ ಮೇಲೆ ಒತ್ತಡದ ಇಳಿತ ಬದಲಾಗುತ್ತದೆ. ಕಕ್ಷೆಯಲ್ಲಿ, ನಿಧಾನ ಹರಿವಿನ ವಲಯದಾಚೆ, ಈ ಪೂರ್ವಚರಿತ್ರೆಯ ಪ್ರಭಾವ ಬಹಳ ಕುಗ್ಗಿತು. ವಿನ್ಯಾಸಕಾರನಿಗೆ ಇದು ದೊಡ್ಡ ಅನುಕೂಲ: ರಿಯಾಕ್ಟರನ್ನು ನಿಲ್ಲಿಸಿ ಮತ್ತೆ ಚಾಲೂ ಮಾಡಿದಾಗಲೂ ಅದರ ವರ್ತನೆಯನ್ನು ಮುಂದಾಗಿ ಹೇಳಬಹುದು.

ಚಂದ್ರ, ಮಂಗಳಗಳಿಗೆ ಈ ತೀರ್ಮಾನಗಳನ್ನು ಹಾಗೆಯೇ ಒಯ್ಯಲಾಗದು. ಅದೇ 3 ಮಿ.ಮೀ. ಮಣಿಗಳಿಗೆ ಬಾಂಡ್ ಸಂಖ್ಯೆ ಚಂದ್ರನ ಮೇಲೆ ಸುಮಾರು 0.2, ಮಂಗಳದ ಮೇಲೆ 0.46. ಗುರುತ್ವವನ್ನು ಕೈಬಿಡಲಾಗದ, ಲೋಮನಾಳ ಬಲವನ್ನೂ ಮರೆಯಲಾಗದ ಈ ನಡುವಣ ವಲಯಕ್ಕೆ ಎರಡೂ ಪದಗಳನ್ನು ಒಳಗೊಂಡ ಸಮೀಕರಣ ಬೇಕು. ನಿಲ್ದಾಣದ ಅಳತೆಗಳು ಅದರ ಒಂದು ತುದಿಯನ್ನು ಗಟ್ಟಿಯಾಗಿ ನಿಲ್ಲಿಸಿವೆ.