ಮೂಲದ ಗಾಯ, ಹೊಸ ದನಿ: ಹಿಂಸೆಯ ಗೀತೆಗಳಿಂದ ಕವಿತೆ ಕಟ್ಟುವ ಬಗೆ

ಹೆಣ್ಣನ್ನು ಹೀಗಳೆಯುವ, ಹಿಂಸೆಯನ್ನು ಮೆರೆಸುವ ಹಾಡುಗಳ ವಿರುದ್ಧ ಅಮೆರಿಕದಲ್ಲಿ ದೂರು ಎದ್ದಾಗ, 1985ರಲ್ಲಿ ಸೆನೆಟ್ ಸಮಿತಿಯ ಮುಂದೆ ವಿಚಾರಣೆ ನಡೆದು, ಆಲ್ಬಮ್‌ಗಳ ಮೇಲೆ ಎಚ್ಚರಿಕೆಯ ಚೀಟಿ ಅಂಟಿಸುವ ಪದ್ಧತಿ ಬಂತು. ಬೈಗುಳ ಅಳಿಸಿದ ಪ್ರತಿಗಳು ರೇಡಿಯೊಗೆ ಹೋದವು. ಮಾತು ಶುದ್ಧವಾಯಿತು, ಹಾಡುವವನ ದೃಷ್ಟಿ ಇದ್ದಂತೆಯೇ ಉಳಿಯಿತು. ಇಂಥ ಹಾಡಿನಿಂದ ಫೌಂಡ್ ಪೊಯೆಟ್ರಿ, ಎಂದರೆ ಬೇರೆಯವರ ಬರಹದ ಪದಗಳಿಂದಲೇ ಕವಿತೆ, ಕಟ್ಟುವವರು ಆ ದೃಷ್ಟಿಗೇ ಕೈ ಹಾಕಬೇಕು ಎಂಬುದು ನನ್ನ ವಾದ.

ಒಂದು ನಿದರ್ಶನವನ್ನು ಹತ್ತಿರದಿಂದ ನೋಡೋಣ. ರ‍್ಯಾಪ್ ಗಾಯಕ ಎಮಿನೆಮ್‌ನ 1999ರ ‘ದಿ ಸ್ಲಿಮ್ ಶೇಡಿ ಎಲ್‌ಪಿ’ಯಲ್ಲಿರುವ ‘97 ಬಾನಿ ಆ್ಯಂಡ್ ಕ್ಲೈಡ್’ ಹಾಡಿನಲ್ಲಿ, ಹೆಂಡತಿಯನ್ನು ಕೊಂದ ಗಂಡ ಶವವನ್ನು ಕಾರಿನ ಡಿಕ್ಕಿಯಲ್ಲಿಟ್ಟುಕೊಂಡು, ಎಳೆಯ ಮಗಳೊಡನೆ ಮುದ್ದುಮಾತಾಡುತ್ತ ಅದನ್ನು ನೀರಿಗೆ ಎಸೆಯಲು ಹೊರಟಿದ್ದಾನೆ. ಗಾಯಕಿ ಟೋರಿ ಏಮಸ್ 2001ರಲ್ಲಿ ಗಂಡಸರು ಬರೆದ 12 ಹಾಡುಗಳನ್ನು ಹೆಣ್ಣಿನ ಪಾತ್ರಗಳ ಬಾಯಲ್ಲಿ ಇಟ್ಟು ‘ಸ್ಟ್ರೇಂಜ್ ಲಿಟಲ್ ಗರ್ಲ್ಸ್’ ತಂದರು. ಅದರಲ್ಲಿ ಇದೇ ಹಾಡು ತಂತಿವಾದ್ಯಗಳ ನಡುವೆ ಪಿಸುಮಾತಾಗಿ ಬರುತ್ತದೆ. ನುಡಿಯುವವಳು ಡಿಕ್ಕಿಯೊಳಗಿನ ಹೆಂಗಸು. ಸಾಹಿತ್ಯ ಬಹುತೇಕ ಹಳೆಯದೇ. ಆದರೆ ಮೂಲದಲ್ಲಿ ಅಪ್ಪನ ಅಕ್ಕರೆಯೆಂದು ಕೇಳಿಸಿದ ಮುದ್ದುಮಾತು ಇಲ್ಲಿ ಸಾಯುತ್ತಿರುವ ತಾಯಿ ಮಗಳ ಬಗ್ಗೆ ಪಡುವ ಸಂಕಟವಾಗುತ್ತದೆ. ಕಟ್ಟುನಿಟ್ಟಾಗಿ ಹೇಳಿದರೆ ಇದು ಮರುಗಾಯನ, ಕವಿತೆಯಲ್ಲ. ಸ್ವಂತದ ಮಾತು ಸೇರಿಸದೆ ಅರ್ಥವನ್ನು ತಿರುಗಿಸುವ ಈ ಕ್ರಮ ಮಾತ್ರ ಫೌಂಡ್ ಪೊಯೆಟ್ರಿಯದ್ದೇ.

ಕಾಗದದ ಮೇಲೆ ಇದನ್ನು ಅತ್ಯಂತ ದೂರ ಒಯ್ದವರು, ಟೊಬೇಗೊದಲ್ಲಿ ಹುಟ್ಟಿ ಕೆನಡಾದಲ್ಲಿ ವಕೀಲರಾಗಿದ್ದ ಕವಯಿತ್ರಿ ಎಂ. ನೋರ್ಬೆಸಿ ಫಿಲಿಪ್. 1781ರಲ್ಲಿ ‘ಝಾಂಗ್’ ಹಡಗಿನ ಸಿಬ್ಬಂದಿ 130ಕ್ಕೂ ಹೆಚ್ಚು ಆಫ್ರಿಕನ್ ಗುಲಾಮರನ್ನು ಸಮುದ್ರಕ್ಕೆಸೆದರು. ಮಾಲೀಕರು ವಿಮೆ ಹಣ ಕೇಳಿದರು. ಆ ಮೊಕದ್ದಮೆಯ ಪುಟ್ಟ ವರದಿಯ ಪದಗಳನ್ನು ಚೂರು ಚೂರಾಗಿ ಒಡೆದು ಫಿಲಿಪ್ 2008ರಲ್ಲಿ ‘ಝಾಂಗ್!’ ಪ್ರಕಟಿಸಿದರು. ಮನುಷ್ಯರನ್ನು ಸರಕೆಂದು ಎಣಿಸಿದ ಭಾಷೆ ಪುಟದ ತುಂಬ ಚದುರಿ ನಿಂತಿದೆ. ಓದುಗನಿಗೆ ಅಲ್ಲಿ ಸಮಾಧಾನ ಸಿಗುವುದಿಲ್ಲ, ಸಿಗಲೂಬಾರದು.

ಹಾಡನ್ನು ಎತ್ತಿಕೊಳ್ಳುವವರಿಗೂ ಇದೇ ಕಠಿಣ ಪಾಠ. ಕೆಟ್ಟ ಪದಗಳನ್ನು ಆರಿಸಿ ತೆಗೆದು ಚಂದದ ಸಾಲು ಉಳಿಸಿದರೆ ಅದು ರೇಡಿಯೊ ಪ್ರತಿಯ ಇನ್ನೊಂದು ರೂಪ. ಅದರ ಬದಲು, ಹಾಡು ಹೆಣ್ಣಿಗೆ ಹಾಕಿದ ಆಜ್ಞೆಗಳನ್ನು ಕಿತ್ತು ಬಾಗಿಲು, ಕೈ, ರಾತ್ರಿ ಇಂಥ ನಾಮಪದಗಳನ್ನು ಮೂಲದ ಜಾಗದಲ್ಲೇ ಬಿಟ್ಟರೆ, ನಡುವಿನ ಖಾಲಿ ಜಾಗವೂ ಸಾಕ್ಷಿ ಹೇಳುತ್ತದೆ. ಕನ್ನಡದಲ್ಲಿ ಕೆಲಸ ಇನ್ನೂ ಸೂಕ್ಷ್ಮ: ಪ್ರಥಮ ಪುರುಷದ ಕ್ರಿಯಾಪದ ತನ್ನ ಕರ್ತೃವಿನ ಲಿಂಗವನ್ನು ಹೊತ್ತೇ ಇರುವುದರಿಂದ, ಸರ್ವನಾಮ ಅಳಿಸಿದರೂ ‘ಅವನು’ ಪ್ರತ್ಯಯದಲ್ಲಿ ಅಡಗಿ ಕೂತಿರುತ್ತಾನೆ.

ಇಂಥ ಹಾಡಿಗೆ ಮತ್ತೊಂದು ಆಯಸ್ಸು ಕೊಟ್ಟಂತಾಗದೇ ಎಂಬ ಆಕ್ಷೇಪ ಹಗುರವಲ್ಲ. ಆದ್ದರಿಂದಲೇ ಕವಿ ಮೂಲದ ಹೆಸರು, ವರ್ಷ, ಅಳಿಸಲು ಅನುಸರಿಸಿದ ನಿಯಮ ಮೂರನ್ನೂ ಕವಿತೆಯ ಕೆಳಗೆ ಮುದ್ರಿಸಬೇಕು. ನಮ್ಮಲ್ಲಿ ಇದಕ್ಕೆ ಕಾನೂನಿನ ಕಾರಣವೂ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಗೀತರಚನಕಾರರ ಹಕ್ಕು ಅವರ ಮರಣದ ನಂತರ 60 ವರ್ಷ ಉಳಿಯುತ್ತದೆ. 52ನೆಯ ಕಲಮು ವಿಮರ್ಶೆಗಾಗಿ ನ್ಯಾಯಯುತ ಬಳಕೆಗೆ ಅವಕಾಶ ಕೊಡುತ್ತದೆ. ತಮ್ಮ ಗೌರವಕ್ಕೆ ಕುಂದು ತರುವ ವಿರೂಪವನ್ನು ರಚನಕಾರರು 57ನೆಯ ಕಲಮಿನಡಿ ಪ್ರಶ್ನಿಸಬಹುದು.